ಬಾಡಬೇಕಿದ್ದ ಗಿಡಗಳು

ಯೂರಿಯಾ ಸಲುವಾಗಿ ನಸುಕಿನಲ್ಲೇ ಇಂಡಿಗೆ ಹೋಗಿ ಗೊಬ್ಬರದ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದ ಚೇತನಕುಮಾರ ಮಧ್ಯಾಹ್ನದ ಊಟದ ಹೊತ್ತಿಗೆ ಎರಡೇ ಎರಡು ಚೀಲ ತಂದ. ಅವನ್ನು ಪಡಸಾಲೆಯಲ್ಲಿ ಎಸೆದು, ಕೈಕಾಲು ತೊಳೆದು ತಾಟಿನ ಮುಂದೆ ಕುಳಿತ. ಅವನ ಅತ್ತಿಗೆ ಸುನಂದಾ ಬಿಸಿ ರೊಟ್ಟಿ ಹಾಕಿ, ಮುಳಗಾಯಿ ಪಲ್ಯ ನೀಡಿ, ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟಳು.

“ಒಂದ ಚೀಲ ಲಿಂಬಿಗಿ ಕೊಡ್ತೀ ಇಲ್ಲೊ ಚೇತನ?”

“ಎರಡೂ ಕಬ್ಬಿಗೇ ಸಾಲೂದಿಲ್ಲ ವೈನಿ.”

“ಹ್ವಾದ ವರ್ಷಾನೂ ಹಿಂಗ ಅಂದಿ.”

“ಹ್ವಾದ ವರ್ಷಾನೂ ಬ್ಯಾಸಗಿ ಕಾಯಿ ಬರಲಿಲ್ಲಲ್ಲ.” ಚೇತನ ರೊಟ್ಟಿ ಮುರಿದ. “ಮಳಿಗಾಲದಾಗ ಬರ್ತಾವ ನಿನ್ನ ಲಿಂಬಿ, ಯಾರೂ ಮೂಸಿ ನೋಡೂದಿಲ್ಲ. ಬ್ಯಾಸಗ್ಯಾಗ ಮಂದಿ ಲಿಂಬಿ ಲಿಂಬಿ ಅನ್ನೂ ಹೊತ್ತಿಗೆ ಗಿಡದಾಗ ಬರೇ ಮುಳ್ಳು. ಕಿತ್ತ ಒಗದು ಕಬ್ಬ ಹಚ್ಚತೇನಿ. ಕಾರ್ಖಾನಿಯವ್ರು ಹೊಲಕ್ಕ ಬಂದು ಕಡಕೊಂಡು ಒಯ್ತಾರ.”

ಆ ತೋಟ ಹಚ್ಚಿದವನು ಚೇತನನ ಅಣ್ಣ, ಸುನಂದಾಳ ಗಂಡ ಸಿದ್ದಾರೂಢ. ಇಂಡಿಯಿಂದ ಚಡಚಣದ ಕಡೆ ಹೋಗುವ ದಾರಿಯ ಆ ಊರಿನಲ್ಲಿ ಅವನ ಬೇಸಿಗೆ ಕಾಯಿಗೆ ಹೆಸರಿತ್ತು. ನಾಲ್ಕು ವರ್ಷದ ಹಿಂದೆ ಟ್ರ್ಯಾಕ್ಟರ್ ಮಗುಚಿ ಅವನು ಸತ್ತ. ಆಮೇಲೆ ಯಾರೂ ಮಾಡು ಎನ್ನದೆ, ಯಾರೂ ಬೇಡ ಎನ್ನದೆ ತೋಟದ ಕೆಲಸ ಸುನಂದಾಳ ಕೈಗೆ ಬಂತು. ತೋಟ ಇರುವತನಕ ಅವಳು ಆ ಮನೆಯ ಹಿರೇಸೊಸೆ. ತೋಟ ಹೋದರೆ ಉಣ್ಣುವ ಒಂದು ಬಾಯಿ, ಅದರ ಹಿಂದೆ ಕಾಲೇಜು ಕಲಿಯುವ ಮಗಳದೊಂದು ಬಾಯಿ. ಇದನ್ನು ಯಾರೂ ಆಡಿ ತೋರಿಸಿರಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಗೋಡೆಗೆ ಒರಗಿ ಉಣ್ಣುತ್ತಿದ್ದ ಮಾವ ಶಂಕರೆಪ್ಪ ಮಜ್ಜಿಗೆ ಕುಡಿದು ತಂಬಿಗೆ ಕೆಳಗಿಟ್ಟ.

“ಸುನಂದಾ, ಈ ಸಲ ಬ್ಯಾಸಗಿ ಕಾಯಿ ತರಸ್ತೀ?”

“ತರಸ್ತೇನ್ರಿ ಮಾವಾರ.”

“ಹಂಗಾದ್ರ ದೀಪಾವಳಿ ಪಾಡ್ಯೇದ ದಿನ ನಾ ಬಂದು ಗಿಡಾ ನೋಡತೇನಿ. ಹೂವ ಹಿಡದಿದ್ರ ಗಿಡಾ ಇರ್ಲಿ. ಇಲ್ಲಂದ್ರ ಚೇತ್ಯಾ ಏನರ ಹಚ್ಚಕೊಳ್ಳಲಿ. ಅಲ್ಲೀತನ ನನ್ನ ತಾಟಿನ ಮುಂದ ಇಬ್ಬರೂ ಬಾಯಿ ಮಾಡಬಾರದು.”

ಶಂಕರೆಪ್ಪ ಒಮ್ಮೆ ಮಾತಾಡಿದರೆ ಮುಗಿಯಿತು, ಹಿಂದೆ ತೆಗೆದುಕೊಂಡವನಲ್ಲ. ಊರಿನಲ್ಲಿ ಅದನ್ನು ದೊಡ್ಡ ಗುಣ ಎನ್ನುತ್ತಿದ್ದರು. ಊರಿನವರಿಗೇನು, ಅವರು ಅವನ ಮನೆಯಲ್ಲಿ ಬಾಳುವೆ ಮಾಡಬೇಕಿರಲಿಲ್ಲ.

ಗೊಬ್ಬರ ಇಲ್ಲದೆ ಹೂವೆಲ್ಲಿಂದ ಬರಬೇಕು? ಸುನಂದಾಳಿಗೆ ವಿಜಯಪುರದಲ್ಲಿ ಹೆಣ್ಣುಮಕ್ಕಳಿಗೆಂದು ನಡೆದ ಒಂದು ತರಬೇತಿಯ ನೆನಪಾಯಿತು. ಯೂರಿಯಾ ಚೀಲದಲ್ಲಿ ಏನಿರುತ್ತದೋ ಅದೇ ಮನುಷ್ಯರ ಉಚ್ಚೆಯಲ್ಲೂ ಇರುತ್ತದೆ, ಬಾಯಿ ಮುಚ್ಚಿದ ಡಬ್ಬಿಯಲ್ಲಿ ತಿಂಗಳೊಪ್ಪತ್ತು ಇಟ್ಟು, ಹತ್ತರಷ್ಟು ನೀರು ಬೆರೆಸಿ ಗಿಡಕ್ಕೆ ಹಾಕಬಹುದು ಎಂದು ಅಲ್ಲಿ ಒಬ್ಬ ಮೇಡಂ ಹೇಳಿದ್ದರು. ಉಳಿದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಸುನಂದಾ ನಗದೆ, ಬೆರೆಸದೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದ್ದಳು. ಬೇರು ಸುಡುತ್ತದೆ ಎಂದಿದ್ದರು ಮೇಡಂ.

ಅವಳು ಹೋಟೆಲಿನವರಿಂದ ಎಣ್ಣೆಯ ಖಾಲಿ ಕ್ಯಾನುಗಳನ್ನು ತಂದಳು. ನಳದ ಕೆಲಸದ ಚಮನಸಾಬನನ್ನು ಕರೆಸಿ, ಹಿತ್ತಲಿನ ಪಾಯಖಾನೆಯ ಮಗ್ಗುಲಲ್ಲಿ ಉಚ್ಚೆಗೆಂದೇ ಒಂದು ಸಣ್ಣ ಮೋರಿ ಕಟ್ಟಿಸಿ, ಅದರ ಪೈಪು ಹೊರಗಿನ ಕ್ಯಾನಿಗೆ ಇಳಿಯುವಂತೆ ಮಾಡಿಸಿದಳು. ಚಮನಸಾಬ ಕೆಲಸ ಮುಗಿಸಿ ಚಹಾ ಕುಡಿಯುತ್ತ ಹೇಳಿದ, “ಅಕ್ಕಾರ, ಈ ಕೆಲಸದಾಗ ಮುದುಕ ಆಗಾಕ ಬಂದೆ. ಎಲ್ಲಾರೂ ಇದನ್ನ ಮನಿಯಿಂದ ದೂರ ಹಾಕಸ್ತಾರ್ರಿ. ಕೂಡಿ ಇಡಸಾವ್ರು ನೀವ ಒಬ್ಬರ ನೋಡ್ರಿ.”

ಅಂದು ಸಂಜೆ ಮನೆಯಲ್ಲಿ ಜಗಳ. ಅತ್ತೆ ಸಿದ್ದಲಿಂಗವ್ವ ಲಿಂಗಪೂಜೆ ಮುಗಿಸಿ ಬಂದವಳು ತಾಟು ಮುಟ್ಟಲಿಲ್ಲ.

“ನಾ ಉಣ್ಣೂದನ್ನ ಮದಲ ಕೈಯಾಗಿನ ಲಿಂಗಕ್ಕ ತೋರಿಸಿ ಉಣತೇನಿ. ಆ ಗಿಡದ ಉಪ್ಪಿನಕಾಯಿ ನನ್ನ ತಾಟಿನ್ಯಾಗ ಇರ್ತೈತಿ. ಉಚ್ಚಿ ಕುಡದ ಗಿಡದ ಕಾಯಿ ಲಿಂಗಕ್ಕ ತೋರಸ್ಲೇನ?”

“ಸಗಣಿ ಗೊಬ್ಬರದಾಗ ಬೆಳದ ಜ್ವಾಳ ತೋರಸ್ತೀರಲ್ರಿ ಅತ್ತಿ.”

“ಸಗಣಿ ಬ್ಯಾರೆ. ಸಗಣಿ ದೇವರು.”

ಸುನಂದಾಳ ಮಗಳು ವಿಜಯಲಕ್ಷ್ಮಿ ಸುಮ್ಮನಿರಲಿಲ್ಲ. “ಆಕಳದ ಆದ್ರ ಬಾಟ್ಲ್ಯಾಗ ಹಾಕಿ ಮಾರ್ತಾರ, ಆಯಿ. ನಿಂದಾದ್ರ ಹೊಲಸು.”

“ಬಾಯಿ ಮುಚ್ಚ ಹುಡುಗಿ. ದೊಡ್ಡಾವ್ರ ಮುಂದ ಏನ ಮಾತಾಡಬೇಕು ಏನ ಆಡಬಾರದು ಒಂದೂ ಇಲ್ಲ.”

ಚೇತನನ ಹೆಂಡತಿ ವಿದ್ಯಾವತಿ ಒಲೆಯ ಮುಂದಿನಿಂದಲೇ ಹೇಳಿದಳು. “ಅಕ್ಕಾ, ಈಗ ಹೇಳಿ ಬಿಡತೇನಿ. ನಾ ಆ ಮೋರ್‍ಯಾಗ ಕಾಲ ಇಡಾಕಿ ಅಲ್ಲ. ನಾಲತವಾಡದಿಂದ ನಮ್ಮ ತವರಮನಿ ಮಂದಿ ಬಂದ್ರ ಈ ಕ್ಯಾನು ಏನಂತ ತೋರಸಲಿ? ಇದು ನಮ್ಮ ಮನಿ ಆಸ್ತಿ ಅಂತ ತೋರಸ್ಲೇನ?”

ಚೇತನ ನಕ್ಕ. ಶಂಕರೆಪ್ಪ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. “ಪಾಡ್ಯೇದತನ ಆಕಿ ಏನರ ಹಾಕ್ಲಿ,” ಎಂದು ಎದ್ದು ಹೋದ. ಹಾಗೆ ಅವನ ಅದೇ ಮಾತು ಮೊದಲು ಸೊಸೆಯ ಕೈ ಹಿಡಿಯಿತು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಕಾಲೇಜಿನ ಬಸ್ಸಿನಲ್ಲಿ ವಿಜಯಲಕ್ಷ್ಮಿಯ ಪಕ್ಕ ಕೂಡುವವಳು ಮೂಗು ಹಿಡಿದು ಹಿಂದಿನ ಸೀಟಿಗೆ ಹೋದಳು. ಮಳೆಗಾಲದ ಕಾಯಿ ಒಯ್ಯಲು ಬಂದ ವ್ಯಾಪಾರಿ ಮೈಬೂಬ ತೋಟದ ತುದಿಯಲ್ಲೇ ನಿಂತ. “ಅಕ್ಕಾರ, ಊರಾಗ ಮಂದಿ ಏನೇನೊ ಅಂತಾರ. ನನ್ನ ಮುಂದ ಮಾತ್ರ ಏನೂ ಹೇಳಬ್ಯಾಡ್ರಿ. ನನಗ ಗೊತ್ತಿಲ್ಲಂದ್ರ ಬಜಾರದಾಗ ನಾ ಸುಳ್ಳು ಹೇಳೂದು ಬೀಳೂದಿಲ್ಲ.” ಸುನಂದಾ ಏನೂ ಹೇಳಲಿಲ್ಲ. ಮೈಬೂಬ ಸಮಾಧಾನದಿಂದ ಚೀಲ ಹೊಲಿದುಕೊಂಡು ಹೋದ.

ಮೊದಲು ಎರಡೇ ಸಾಲಿಗೆ ಹಾಕಿದಳು. ಶ್ರಾವಣ ಮುಗಿಯುವಷ್ಟರಲ್ಲಿ ಆ ಎರಡು ಸಾಲು ಬೇರೆಯಾಗಿ ಕಂಡವು. ಹಳದಿ ತಿರುಗಿದ್ದ ಎಲೆ ಕಪ್ಪುಹಸಿರಾಯಿತು, ಉಳಿದ ಸಾಲುಗಳು ಅವುಗಳ ಮುಂದೆ ಬಡವಾದವು. ಚೇತನ ಕೂಡ ಬದುವಿನ ಮೇಲೆ ನಿಂತು ನೋಡಿ ಹೋದ.

ಸಿದ್ದಲಿಂಗವ್ವನನ್ನು ಬದಲಿಸಿದ್ದು ಲಿಂಬೆಯಲ್ಲ, ಹೀರೆಬಳ್ಳಿ. ಹಿತ್ತಲಿನಲ್ಲಿ ಅವಳೇ ಹಚ್ಚಿದ ಬಳ್ಳಿ ಸೊರಗಿ ನಿಂತಿತ್ತು. ಸುನಂದಾ ಕೇಳದೆ ಹೇಳದೆ ಅದಕ್ಕೆರಡು ತಂಬಿಗೆ ಹಾಕಿದ್ದಳು. ಬಳ್ಳಿ ಹಂದರ ತುಂಬಿ ಗೋಡೆ ಹತ್ತಿತು. ಸಿದ್ದಲಿಂಗವ್ವ ಓಣಿಯ ನಾಲ್ಕು ಮನೆಗೆ ಹೀರೆಕಾಯಿ ಹಂಚಿ, ಹೊಗಳಿಸಿಕೊಂಡು ಬಂದಳು. ಆಮೇಲೆ ಸೊಸೆ ನಿಜ ಹೇಳಿದಳು.

ಮುದುಕಿ ಇನ್ನೊಂದು ಹೀರೆಕಾಯಿ ಕಿತ್ತು ಉಡಿಗೆ ಹಾಕಿಕೊಂಡಳು. “ಲಿಂಗಕ್ಕ ತೋರಿಸಿ ಉಂಡ ಬಿಟ್ಟೇನಿ,” ಎಂದಳು. “ಅಂವ ಏನೂ ಅನ್ನಲಿಲ್ಲ. ಇನ್ನ ನಾ ಏನಂತ ಅನ್ನಲಿ?”

ಅಂದಿನಿಂದ ಅವಳ ಕಾಟ ಬೇರೆ ತರದ್ದಾಯಿತು. ಮೋರಿಗೆ ಯಾರು ಹೋದರು, ಯಾರು ಹೋಗಲಿಲ್ಲ ಎಂದು ಕಟ್ಟೆಯ ಮೇಲೆ ಕುಳಿತೇ ಕಾಯತೊಡಗಿದಳು. ಊರ ಬಾಗಿಲಿನ ಅಗಸಿ ಕಟ್ಟೆಯಿಂದ ಬಂದ ಗಂಡನನ್ನೂ ಬಿಡಲಿಲ್ಲ.

“ಎಲ್ಲಿ ಹೋಗಿ ಬಂದ್ರಿ?”

“ಎಲ್ಲಿ ಅಂದ್ರ? ಗೆಳೆಯಾರ ಕೂಡ ಹೀಂಗ ಹಳ್ಳದ ಕಡೆ.”

“ಮನ್ಯಾಗ ಚಹಾ ಕುಡೀತೀರಿ, ಹಳ್ಳಕ್ಕ ಚೆಲ್ಲಿ ಬರ್ತೀರಿ. ಹಿರೇಮನಶ್ಯಾ ಆಗಿ ಇಷ್ಟ ತಿಳೀಬಾರದ?”

ಶಂಕರೆಪ್ಪನಿಗೆ ಅಷ್ಟು ವಯಸ್ಸಾದರೂ ಇಂಥ ಲೆಕ್ಕ ಒಪ್ಪಿಸುವ ಪಾಳಿ ಬಂದಿರಲಿಲ್ಲ. ವಿಜಯಲಕ್ಷ್ಮಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ಕೆಲವು ವಾರ ಸುನಂದಾಳಿಗೆ ಇದು ಆಗುತ್ತದೆ ಅನ್ನಿಸಿತ್ತು. ಗಂಡ ಸತ್ತ ಮೇಲೆ ಅವಳು ಊಟದ ಹೊತ್ತಿನಲ್ಲಿ ನಗುತ್ತಿದ್ದದ್ದು ಅದೇ ಮೊದಲು.

ಗಣಪತಿ ಹಬ್ಬ ಮುಗಿದ ಮೇಲೆ ಮುಖ್ಯ ಕೆಲಸ ಶುರುವಾಯಿತು. ಲಿಂಬೆಯನ್ನು ಅದರ ಪಾಡಿಗೆ ಬಿಟ್ಟರೆ ಮಳೆಗಾಲದಲ್ಲಿ ಕಾಯಿ ಸುರಿಯುತ್ತದೆ, ಕೇಳುವವರಿರುವುದಿಲ್ಲ. ಬೇಸಿಗೆಗೆ ಬೇಕಾದರೆ ನೀರು, ಗೊಬ್ಬರ ಎರಡನ್ನೂ ನಿಲ್ಲಿಸಿ ಗಿಡವನ್ನು ಬಾಡಿಸಬೇಕು. ಎಲೆ ಸೊರಗಿ, ಅರ್ಧ ಉದುರಿ, ಗಿಡ ಇನ್ನೇನು ಸತ್ತಿತು ಅನ್ನುವಾಗ ಗೊಬ್ಬರ ಹಾಕಿ ನೀರು ಬಿಟ್ಟರೆ, ಹೆದರಿದ ಗಿಡ ಮೈತುಂಬ ಹೂ ಬಿಡುತ್ತದೆ. ನಡುವೆ ಕೈ ತಪ್ಪಿ ನೀರು, ಗೊಬ್ಬರ ಬಿದ್ದರೆ ಬರೀ ಚಿಗುರು ಒಡೆಯುತ್ತದೆ, ಆ ವರ್ಷದ ಹೂವಿನ ಮಾತು ಮುಗಿಯಿತು. ಸಿದ್ದಾರೂಢ ಈ ಕೆಲಸದಲ್ಲಿ ಪಳಗಿದ್ದ, ಚೇತನ ಅವನ ಜೊತೆಗಿದ್ದು ಕಲಿತಿದ್ದ. ಜೋಳ ಬೆಳೆಯುವ ತವರಿನಿಂದ ಬಂದ ಸಿದ್ದಲಿಂಗವ್ವ ಉದುರಿದ ಕಾಯಿ ಆರಿಸಿ ಉಪ್ಪಿನಕಾಯಿ ಹಾಕಿದ್ದಳೇ ಹೊರತು ಇದನ್ನೆಲ್ಲ ಕಂಡವಳಲ್ಲ.

ಎಲೆ ಮುದುಡಿದ್ದನ್ನು ನೋಡಿ ಅವಳು ಸೊಸೆಯನ್ನು ಕೂಗಿದಳು. “ಏನ ಇವು ಹಿಂಗಾಗ್ಯಾವ? ಒಂದ ಕೊಡಾ ನೀರ ಹಾಕವಾ.”

“ಬ್ಯಾಡ್ರಿ ಅತ್ತಿ. ಗಿಡಕ್ಕ ಉಪವಾಸ ಹಾಕೇನಿ. ಉಪವಾಸ ಮುಗದಮ್ಯಾಲ ಹೂವ ಬಿಡತಾವ.”

ಅದು ಸಿದ್ದಲಿಂಗವ್ವನಿಗೆ ತಟ್ಟನೆ ತಿಳಿಯಿತು. ಮದುವೆಯಾದಾಗಿನಿಂದ ಸೋಮವಾರ ಬಿಡದವಳು ಅವಳು. ಉಪವಾಸದ ಫಲ ಅವಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಆಗಲೇ ಸಿಂದಗಿಯಿಂದ ಫೋನು ಬಂತು. ಸುನಂದಾಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಚಪ್ಪೆಯ ಎಲುಬು ಮುರಿದಿತ್ತು. ಅಣ್ಣನ ಹೆಂಡತಿಗೆ ಒಬ್ಬಳಿಗೇ ನೀಗುವಂತಿರಲಿಲ್ಲ. ಹೊರಡುವ ಮುಂದೆ ಸುನಂದಾ ಅತ್ತೆಗೆ ಎರಡೇ ಮಾತು ಹೇಳಿದಳು. “ನಳದ ವಾಲ್ ಯಾರಿಗೂ ತಿರವಾಕ ಬಿಡಬ್ಯಾಡ್ರಿ. ಕ್ಯಾನಿನ ಬಾಯಿ ಬಿಗಿ ಮುಚ್ಚಿಡ್ರಿ, ನಾ ಬಂದು ಹಾಕತೇನಿ.”

“ನೀ ನಿಶ್ಚಿಂತಿಂದ ಹೋಗು. ನಾ ಇಲ್ಲೇನು?” ಎಂದಳು ಸಿದ್ದಲಿಂಗವ್ವ.

ಸಿಂದಗಿಯಲ್ಲಿ ದಿನ ಹಿಡಿದವು. ತಾಯಿಯ ಆಪರೇಶನ್ ಮುಂದೆ ಹೋಯಿತು. ಅಣ್ಣ ಒಂದು ದಿನ ಮಾತು ತೆಗೆದ. “ಯಾಕ ಅವರ ಬಾಯಿ ನೋಡ್ತೀ? ಗಂಡನ ಪಾಲು ಕೇಳು.”

“ಕೇಳಿದ ದಿನದಿಂದ ಆ ಮನ್ಯಾಗ ನನಗೊಂದು ತಂಬಿಗಿ ನೀರ ಕೊಡಾವ್ರು ಇರೂದಿಲ್ಲ. ನನ್ನ ಮಗಳನ್ನ ಯಾರ ಅಂಗಳದಾಗ ನಿಂತು ಲಗ್ನಾ ಮಾಡ್ಲಿ?”

ತನ್ನ ಅಂಗಳ ಇದೆಯಲ್ಲ ಎಂದು ಅಣ್ಣ ಹೇಳಲಿಲ್ಲ.

ಇತ್ತ ಊರಿನಲ್ಲಿ ಮಹಾನವಮಿ ಸಮೀಪಿಸಿತು. ದೇವಿಯ ಘಟ ಹಾಕುವ ಮುಂಚೆ ಮನೆಯಲ್ಲಿ ಒಂದು ಹಳೆಯ ಅರಿವೆಯೂ ಒಗೆಯದೆ ಉಳಿಯುವಂತಿಲ್ಲ. ಗೋಡೆಗೆ ಸುಣ್ಣ ಬಿತ್ತು, ಕೌದಿಗಳೆಲ್ಲ ಹಳ್ಳಕ್ಕೆ ಹೋಗಿ ಬಂದವು, ಅಟ್ಟದ ಪಾತ್ರೆ ಅಂಗಳಕ್ಕಿಳಿದವು. ಸೊಂಟಕ್ಕೆ ಸೆರಗು ಕಟ್ಟಿಕೊಂಡು ಹಿತ್ತಲಿಗೆ ಬಂದ ವಿದ್ಯಾವತಿ ಕ್ಯಾನುಗಳ ಸಾಲಿನ ಮುಂದೆ ನಿಂತಳು.

“ಅತ್ತಿ, ನಾಳೆ ದೇವಿ ಕೂಡತಾಳ. ಇವನ್ನ ಇಟಗೊಂಡು ಘಟ ಹಾಕೂದೇನ?”

ಸಿದ್ದಲಿಂಗವ್ವನಿಗೂ ಅದು ಹೌದೆನಿಸಿತು. “ಹಂಗಂತ ಗಟಾರಕ್ಕ ಚೆಲ್ಲಾಕ ಬರತೈತಿ? ಆಕಿ ಜೀವಾ ಹಿಡದು ಕೂಡಿಟ್ಟಾಳ.”

“ಗಟಾರಕ್ಕ ಯಾಕ್ರಿ? ಗಿಡಕ್ಕಂತನ ಇಟ್ಟದ್ದಲ್ಲ? ಗಿಡಕ್ಕ ಹಾಕಿ ಬಿಡೂಣು. ನಾನೂ ಹೊರತೇನಿ.”

“ಗಿಡಾ ಉಪವಾಸ ಅದಾವವಾ.”

“ಉಪವಾಸಕ್ಕ ಫಳಾರ ನಡಿಯೂದಿಲ್ಲೇನ್ರಿ? ನೀವ ಸೋಮವಾರ ಹಾಲ ಕುಡೀತೀರಿ, ಸಾಬೂದಾಣಿ ತಿಂತೀರಿ.”

ವಿದ್ಯಾವತಿಯ ಮನಸ್ಸಿನಲ್ಲಿ ಕೇಡಿರಲಿಲ್ಲ. ಹಿತ್ತಲು ತೆರವಾದರೆ ಸಾಕಿತ್ತು ಅವಳಿಗೆ. ಸಿದ್ದಲಿಂಗವ್ವ ಲೆಕ್ಕ ಹಾಕಿದಳು. ನೀರು ಬಿಡಬೇಡಿ ಎಂದು ಸೊಸೆ ಹೇಳಿದ್ದು ನಳದ ನೀರಿನ ಮಾತು. ಇದು ನೀರಲ್ಲ. ಆದರೆ ಬೆರೆಸದೆ ಹಾಕಿದರೆ ಬೇರು ಸುಡುತ್ತದೆ ಎಂದೂ ಅವಳೇ ಹೇಳಿದ್ದಳು. ಹಾಲಿನಲ್ಲಿ ನೀರು ಇರುವುದಿಲ್ಲವೇ, ಹಾಲು ಕುಡಿದರೆ ಉಪವಾಸ ಕೆಡುತ್ತದೆಯೇ? ಅವಳ ಬುದ್ಧಿಗೆ ಎಲ್ಲ ಸರಿಹೋಯಿತು. ಮಗನನ್ನು ಕರೆದಳು.

“ಚೇತ್ಯಾ, ಟ್ರೇಲರ್‍ನ್ಯಾಗ ಡ್ರಮ್ಮು ಇಟ್ಟು ನೀರ ತುಂಬಕೊಂಡು ಬಾ. ಲಿಂಬಿಗಿ ಇದನ್ನ ಹಾಕೂದೈತಿ.”

ಚೇತನ ತಾಯಿಯನ್ನು ನೋಡಿದ, ಕ್ಯಾನುಗಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಡ್ರಮ್ಮು ತುಂಬಿ ತಂದು ಮತ್ತೊಮ್ಮೆ ಬಾಯಿ ತೆರೆದು, “ಎಲ್ಲಿ ನಿಂದ್ರಸಲಿ?” ಎಂದಷ್ಟೇ ಕೇಳಿದ. ಶಂಕರೆಪ್ಪ ಅಂದು ಕಣ್ಣು ತೋರಿಸಲು ವಿಜಯಪುರಕ್ಕೆ ಹೋಗಿದ್ದ, ವಿಜಯಲಕ್ಷ್ಮಿ ಕಾಲೇಜಿನಲ್ಲಿದ್ದಳು.

ಮೋರಿಗೆ ಕಾಲಿಡುವುದಿಲ್ಲ ಎಂದಿದ್ದ ವಿದ್ಯಾವತಿ ಕ್ಯಾನು ಹೊತ್ತಳು. ಸಿದ್ದಲಿಂಗವ್ವ ಬೆರೆಸಿದಳು. ಗಿಡಗಿಡಕ್ಕೂ ತಂಬಿಗೆ ತಂಬಿಗೆ ಎರೆಯುತ್ತ, ಸೊರಗಿದ ಎಲೆ ಸವರುತ್ತ, “ಉಣ್ಣವಾ, ನಿಮ್ಮವ್ವ ಊರಾಗಿಲ್ಲ, ನಾ ಅದೇನಿ,” ಎಂದು ಮಾತಾಡಿಸಿದಳು. ಕೆಲಸ ಮುಗಿದಾಗ ಅತ್ತೆ ಸೊಸೆ ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡರು. ಆ ಮನೆಯವರು ಲಿಂಬೆ ತೋಟಕ್ಕಾಗಿ ಕೂಡಿ ದುಡಿದದ್ದು ಅದೊಂದೇ ದಿನ.

ಸುನಂದಾ ಬಂದದ್ದು ಬನ್ನಿ ಹಬ್ಬ ಮುಗಿದ ಮೇಲೆ. ಬಸ್ಸಿಳಿದು ಬರುವಾಗ ದೂರದಿಂದಲೇ ತೋಟ ಕಂಡಿತು. ಎಳೆಯ ಚಿಗುರು ತುದಿತುದಿಗೂ ಒಡೆದು, ಕಣ್ಣಿಗೆ ಹಬ್ಬವಾಗುವಷ್ಟು ಹಸಿರಾಗಿ ನಿಂತಿತ್ತು. ಅವಳು ಕೈಚೀಲ ಬದುವಿನ ಮೇಲಿಟ್ಟು, ಒಂದು ಗಿಡದಿಂದ ಮತ್ತೊಂದಕ್ಕೆ ಹೋಗಿ ಟೊಂಗೆ ಬಗ್ಗಿಸಿ ನೋಡಿದಳು. ಮೊಗ್ಗು ಎಲ್ಲಿಯೂ ಇರಲಿಲ್ಲ.

ಮನೆಯ ಬಾಗಿಲಲ್ಲೇ ಸಿದ್ದಲಿಂಗವ್ವ ಎದುರಾದಳು. “ನೋಡಿದೇನು? ಹೆಂಗ ಹಚ್ಚಗ ಆಗ್ಯಾವ. ಅಷ್ಟೂ ಕ್ಯಾನು ನಾನ ನಿಂತು ಹಾಕಸೇನಿ. ಒಂದ ಹನಿ ಹಾಳ ಮಾಡಿಲ್ಲ ನಿಂದು.”

ಅತ್ತೆಯ ಮುಖ ಬೆಳಗುತ್ತಿತ್ತು. “ಛಲೋ ಆತ್ರಿ,” ಎಂದು ಸುನಂದಾ ಒಳಗೆ ಹೋದಳು.

ಸೀಗಿ ಹುಣ್ಣಿಮೆಗೆ ಎಲ್ಲರೂ ತೋಟಕ್ಕೆ ಹೋದರು. ಶೇಂಗಾ ಹೋಳಿಗೆ, ಸಜ್ಜೆ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಯಾವುದಕ್ಕೂ ಕೊರತೆ ಇರಲಿಲ್ಲ. ಶಂಕರೆಪ್ಪ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದು, ದಾರಿಯಲ್ಲಿ ಒಂದು ಟೊಂಗೆ ಹಿಡಿದು ನೋಡಿ ಬಿಟ್ಟ. ಪಾಡ್ಯ ಇನ್ನೂ ದೂರವಿತ್ತು. ಉಂಡು ಎಲ್ಲರೂ ನೆರಳಿಗೆ ಒರಗಿದಾಗ ಸುನಂದಾ, ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದ ಚೇತನನ ಬಳಿಗೆ ಹೋದಳು.

“ಡ್ರಮ್ಮು ತುಂಬಿ ಕೊಟ್ಟಾಂವ ನೀನಂತ.”

“ಅವ್ವ ಕೇಳಿದ್ಲು.”

“ನಿಮ್ಮಣ್ಣನ ಕೂಡ ನಿಂತು ಗಿಡಾ ಬಾಡಸಿದಾಂವ ನೀ. ನಿನಗ ಗೊತ್ತಿರಲಿಲ್ಲ?”

ಚೇತನ ಟೈರಿನ ಮಣ್ಣು ಕೆರೆದ. “ಗೊತ್ತಿತ್ತು ವೈನಿ.”

“ಮತ್ತ?”

“ಮತ್ತೇನು? ನಾ ಹಾಕಲಿಲ್ಲ, ಹಾಕು ಅಂತ ಹೇಳಲೂ ಇಲ್ಲ.”

ಸುನಂದಾ ಮತ್ತೆ ನೀರು ನಿಲ್ಲಿಸಿ ನೋಡಿದಳು. ಕಾಲ ಮೀರಿತ್ತು. ಸಾಲದ್ದಕ್ಕೆ ಹಿಂಗಾರು ಮಳೆ ಎರಡು ಸಲ ಜಡಿಯಿತು. ಚಿಗುರು ಬಲಿತು ಎಲೆಯಾಯಿತು.

“ಮುತ್ಯಾಗ ಹೇಳ್ತೇನಿ ನಾ,” ಎಂದಳು ವಿಜಯಲಕ್ಷ್ಮಿ.

“ಏನಂತ ಹೇಳ್ತಿ? ನಿಮ್ಮ ಆಯಿ ಕೆಡಿಸಿದ್ಲು ಅಂತೇನು? ಆಕಿ ಎದಿ ಒಡಕೊಂಡು ಸಾಯತಾಳ. ಹೇಳಿದ್ರ ಹೂವ ಬರತಾವೇನ?”

ಪಾಡ್ಯದ ದಿನ ಸಿದ್ದಲಿಂಗವ್ವ ಸಗಣಿಯ ಪಾಂಡವರನ್ನು ಮಾಡಿ, ಹೂ ಏರಿಸಿ, ಬಾಗಿಲಲ್ಲಿ ಕೂರಿಸಿದಳು. ಹೋಳಿಗೆ ಊಟಕ್ಕೆ ಮುಂಚೆ ಶಂಕರೆಪ್ಪ ಒಬ್ಬನೇ ತೋಟಕ್ಕೆ ಹೋಗಿ ಬಂದ. ತಾಟಿನ ಮುಂದೆ ಕುಳಿತ.

“ಹೂವ ಇಲ್ಲ.”

ಸಿದ್ದಲಿಂಗವ್ವನಿಗೆ ಮಾತ್ರ ಅರ್ಥವಾಗಲಿಲ್ಲ. “ಅಷ್ಟ ಹಚ್ಚಗ ಅದಾವ, ಹೂವ ಯಾಕ ಇಲ್ಲ? ಬಿಡತಾವ ತಡೀರಿ.”

“ಬಿಡೂದಿಲ್ಲವಾ,” ಎಂದ ಚೇತನ. “ಉಚ್ಚಿ ಹಾಕಿದ್ರ ಸೊಪ್ಪ ಬರತೈತಿ, ಕಾಯಿ ಬರೂದಿಲ್ಲ. ವೈನಿ ಯಾರ ಮಾತೂ ಕೇಳಲಿಲ್ಲ.”

ವಿಜಯಲಕ್ಷ್ಮಿ ಕೈತುತ್ತು ತಾಟಿಗೆ ಹಾಕಿದಳು. “ಕಾಕಾ, ನಾಚಿಕಿ ಬರಲಿ ನಿನಗ. ಬಾಡಾಕ ಬಿಟ್ಟ ಗಿಡಕ್ಕ ನೀರ ತುಂಬಿ ಕೊಟ್ಟಾಂವ ನೀ. ಅವ್ವ ಸಿಂದಗ್ಯಾಗ ಇದ್ಲು.”

“ವಿಜೂ,” ಎಂದಳು ಸುನಂದಾ. ತಡವಾಗಿತ್ತು.

ಸಿದ್ದಲಿಂಗವ್ವ ಮೊದಲು ಮಗನನ್ನು, ಆಮೇಲೆ ಸೊಸೆಯನ್ನು ನೋಡಿದಳು. “ಸುನಂದಾ, ನಾ ಹಾಕಸಿದ್ದು... ಉಪವಾಸ ಮುರದಂಗಾತೇನು?”

ಸುನಂದಾ ತಲೆ ತಗ್ಗಿಸಿದಳು. “ಹೌದ್ರಿ ಅತ್ತಿ.”

“ಬಂದ ದಿನ ನನಗ ಯಾಕ ಹೇಳಲಿಲ್ಲ ನೀ?”

ಉತ್ತರಕ್ಕೆ ಕಾಯದೆ ಮುದುಕಿ ಗಂಡನ ಕಡೆ ತಿರುಗಿದಳು. “ನೋಡ್ರಿ, ಇದು ನನ್ನ ಕೈಲಿಂದ ಆದದ್ದು. ಆಕಿದೇನೂ ತಪ್ಪಿಲ್ಲ. ಇನ್ನೊಂದ ವರ್ಷ ಕೊಡ್ರಿ ಆಕಿಗಿ. ನಿಮ್ಮ ಕಾಲ ಬೀಳ್ತೇನಿ.”

“ತಪ್ಪು ಯಾರದಂತ ನಾ ಕೇಳಿರಲಿಲ್ಲ,” ಎಂದ ಶಂಕರೆಪ್ಪ. “ಹೂವ ಹಿಡದಾವೇನ ಅಂತ ಕೇಳಿದ್ದೆ. ಉಣ್ರಿ, ಹೋಳಿಗಿ ಆರಾಕತ್ಯಾವ.”

ಉಂಡರು. ಹಬ್ಬದ ದಿನ ಉಣ್ಣದೆ ಏಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಆ ವಾರದಲ್ಲೇ ಚಮನಸಾಬ ಬಂದು ಮೋರಿಯ ಪೈಪನ್ನು ಗಟಾರಕ್ಕೆ ತಿರುಗಿಸಿದ. ವಿದ್ಯಾವತಿ ಕ್ಯಾನುಗಳನ್ನು ಗುಜರಿಯವನಿಗೆ ಹಾಕಿದಳು. ಅವಳೂ ಒಂದು ದಿನ ಸುನಂದಾಳ ಹತ್ತಿರ ಬಂದು, “ಅಕ್ಕಾ, ನನಗ ಖರೇನ ಗೊತ್ತಿರಲಿಲ್ಲ,” ಎಂದು ಕಣ್ಣು ಒರೆಸಿಕೊಂಡಳು. ಸುನಂದಾ ಅವಳನ್ನು ನಂಬಿದಳು. ನಂಬಿ ಏನು ಮಾಡುವುದು? ಸಿದ್ದಲಿಂಗವ್ವ ಸೋಮವಾರ ಹಾಲನ್ನೂ ಮುಟ್ಟದಾದಳು. ಅದರಿಂದ ಯಾವ ಗಿಡಕ್ಕೂ ಏನೂ ಆಗಲಿಲ್ಲ.

“ಅವ್ವಾ, ಸಿಂದಗಿಗಿ ಹೋಗೂಣು ನಡಿ,” ಎಂದಳು ವಿಜಯಲಕ್ಷ್ಮಿ.

“ಅಲ್ಲೇನೈತಿ?”

“ಇಲ್ಲೇನೈತಿ?”

ಸುನಂದಾ ಮಗಳ ಜಡೆ ಹಾಕುತ್ತಿದ್ದಳು. ಹಾಕಿ ಮುಗಿಸಿ, “ಬಸ್ಸು ಬರೂ ಹೊತ್ತಾತು, ಹೋಗು,” ಎಂದಳು.

ಕಾರ್ತಿಕದ ಗೌರಿ ಹುಣ್ಣಿಮೆ ಕಳೆದ ಮೇಲೆ ಜೆಸಿಬಿ ಬಂತು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಅದರ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಹಸಿ ಬೇರಿನ ಲಿಂಬೆ ಬುಡ ಸುಲಭಕ್ಕೆ ಕಿತ್ತು ಬರುವುದಿಲ್ಲ, ಸಪ್ಪಳದಿಂದಲೇ ಅವಳಿಗೆ ಒಂದೊಂದು ಗಿಡವೂ ತಿಳಿಯುತ್ತಿತ್ತು. ಸಿದ್ದಲಿಂಗವ್ವ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಚೇತನ ಎರಡು ಸಲ ಬಂದು ನೀರು ಕುಡಿದು ಹೋದ, ಅತ್ತಿಗೆಯ ಮುಖ ನೋಡಲಿಲ್ಲ.

ಊಟಕ್ಕೆ ಜೆಸಿಬಿ ಡ್ರೈವರ್ ಬಂದು ಪಡಸಾಲೆಯಲ್ಲಿ ಕುಳಿತ. ಮುದ್ದೇಬಿಹಾಳ ಕಡೆಯ ಹುಡುಗ, ಹೆಸರು ಸೊಹೇಲ. ಸುನಂದಾ ರೊಟ್ಟಿ, ಝುಣಕಾ ನೀಡಿದಳು. ಅವನು ಎರಡು ತುತ್ತು ತಿಂದು ತಲೆ ಎತ್ತಿದ.

“ಅಕ್ಕಾರ, ಒಂದ ಮಾತು ಕೇಳ್ತೇನ್ರಿ. ಒಣಗಿದ ತೋಟಾ ಬಾಳ ಕಿತ್ತೇನಿ. ಇಂಥಾ ಹಚ್ಚನ್ನ ಗಿಡಾ ಎಲ್ಲೂ ಕಿತ್ತಿಲ್ಲರಿ. ಯಾಕ ಕೀಳಸಾಕತ್ತೀರಿ?”

ಸುನಂದಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ಅವರನ್ನ ಕೇಳಪಾ. ಹೊಲ ಅವರದು. ನಾ ಇಲ್ಲಿ ರೊಟ್ಟಿ ಮಾಡಾಕಿ.”